ಕಡತ ನಮ್ಮದು, ಕೀಲಿ ಯಾರ ಕೈಯಲ್ಲಿ?

ನನ್ನ ದೊಡ್ಡಪ್ಪ ಮಲೆನಾಡಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಊರೂರು ತಿರುಗಿ ಬತ್ತದ ಹಳೆಯ ತಳಿಗಳ ಹೆಸರು, ಗದ್ದೆ ಕೆಲಸದ ಮಾತು, ಸಲಕರಣೆಗಳ ಹೆಸರು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡರು. 1997ರಲ್ಲಿ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ ಅದನ್ನು ಗಣಕಕ್ಕೆ ಊಡಿಸಿ, ಮೂರು ಫ್ಲಾಪಿಗಳಲ್ಲಿ ಹಾಕಿಸಿಕೊಂಡು ಬಂದರು. ಅವರ ಮಟ್ಟಿಗೆ ಕೆಲಸ ಮುಗಿದಂತೆ. ಪುಸ್ತಕ ಮಾಡಿಸುವುದು ಮಾತ್ರ ಬಾಕಿ.

ಹದಿನಾಲ್ಕು ವರ್ಷದ ಮೇಲೆ ಆ ಫ್ಲಾಪಿಗಳು ನನ್ನ ಕೈಗೆ ಬಂದವು. ಫ್ಲಾಪಿ ಹಾಳಾಗಿರಬಹುದೆಂದು ಹೆದರಿದ್ದೆ. ಆಶ್ಚರ್ಯವೆಂದರೆ ಮೂರೂ ಸರಿಯಾಗಿದ್ದವು. ಕಡತಗಳು ಇದ್ದವು, ಗಾತ್ರವೂ ಸರಿಯಾಗಿ ಕಾಣುತ್ತಿತ್ತು. ತೆರೆದರೆ ಮಾತ್ರ ಪರದೆಯ ತುಂಬ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನು ಸಿದ್ಧಪಡಿಸಿದ ಕನ್ನಡ ತಂತ್ರಾಂಶ ನಡೆಯಬೇಕಾದರೆ ಗಣಕದ ಹಿಂದೆ, ಪ್ರಿಂಟರ್ ಸಿಕ್ಕಿಸುವ ಕಿಂಡಿಗೆ, ಬೆರಳುದ್ದದ ಒಂದು ಬೀಗ ಹಾಕಿರಬೇಕಿತ್ತು. ಡಿಟಿಪಿಯವರು ಅದನ್ನು ಡಾಂಗಲ್ ಎನ್ನುತ್ತಿದ್ದರು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ತಂತ್ರಾಂಶ ಮಾರಿದ ಕಂಪನಿಯೂ ಇರಲಿಲ್ಲ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಆ ಕಂಪನಿ ಎಲ್ಲೂ ಪ್ರಕಟಿಸಿರಲಿಲ್ಲ. ಕಡತ ನಮ್ಮದೇ, ಬರೆದವರು ನಮ್ಮವರೇ, ದುಡ್ಡು ಕೊಟ್ಟವರೂ ನಾವೇ. ಓದುವ ಹಕ್ಕು ಮಾತ್ರ ಇನ್ನೊಬ್ಬರೊಂದಿಗೆ ಹೋಗಿಬಿಟ್ಟಿತ್ತು.

ಓದುಗರೇ, ವಸ್ತುವನ್ನು ಕೊಳ್ಳುವಾಗ ನಾವು ಬೆಲೆ ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ. ಇದರಿಂದ ಹೊರಬರಲು ಎಷ್ಟು ಖರ್ಚಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ಲೇಖನವಿರುವುದು ಆ ಕೇಳದ ಪ್ರಶ್ನೆಯ ಬಗ್ಗೆ.

ಮೊದಲು ಆ ಕಲಸುಮೇಲೋಗರ ಏನೆಂದು ನೋಡೋಣ. ಗಣಕಕ್ಕೆ ಅಕ್ಷರಗಳು ಗೊತ್ತಿಲ್ಲ, ಸಂಖ್ಯೆಗಳು ಮಾತ್ರ ಗೊತ್ತು ಎಂಬುದು ನಿಮಗೆ ತಿಳಿದೇ ಇದೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಒಟ್ಟು 256 ಮನೆಗಳು. ಅವುಗಳಲ್ಲಿ ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಯೂರೋಪಿನ ಕೆಲವು ಭಾಷೆಗಳ ವಿಶೇಷ ಅಕ್ಷರಗಳು ವಾಸವಾಗಿದ್ದವು. ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಆದ್ದರಿಂದ ಫಾಂಟು ತಯಾರಿಸುವವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೇ ಬಿಟ್ಟು, ಅದರ ಚಿತ್ರವನ್ನು ಮಾತ್ರ ತೆಗೆದು, ಆ ಜಾಗದಲ್ಲಿ ಕನ್ನಡ ಅಕ್ಷರದ ತುಂಡೊಂದನ್ನು ಕೂರಿಸಿದರು. ಗಣಕದ ಲೆಕ್ಕದಲ್ಲಿ ಅದು ಇಂಗ್ಲಿಷೇ. ಕಣ್ಣಿಗೆ ಮಾತ್ರ ಕನ್ನಡ.

ಉದಾಹರಣೆಗೆ ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ನುಡಿ ಸಂಕೇತವನ್ನೇ ತೆಗೆದುಕೊಳ್ಳಿ. ಅದರಲ್ಲಿ 'ಕನ್ನಡ' ಎಂದು ಬರೆದು, ಫಾಂಟನ್ನು ಕಿತ್ತು ನೋಡಿದರೆ ಸಿಗುವುದು ಇಷ್ಟು: ದೊಡ್ಡ 'ಪಿ', ತಲೆಯ ಮೇಲೆ ಓರೆಗೀಟಿರುವ ದೊಡ್ಡ 'ಎ', ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ನರ ಜೋಡಿ 'ಎಸ್', ಚಿಕ್ಕ 'ಕ್ಯೂ', ಮತ್ತೊಮ್ಮೆ 'ಎ'. ಮೂರಕ್ಷರದ ಪದಕ್ಕೆ ಏಳು ತುಂಡು, ಒಂದೂ ಕನ್ನಡದ್ದಲ್ಲ. ಇದೇ ಪದವನ್ನು ಬೇರೆ ಕಂಪನಿಯ ಫಾಂಟಿನಲ್ಲಿ ಬರೆದರೆ ಬೇರೆಯೇ ತುಂಡುಗಳು.

ಮುದ್ರಣಕ್ಕೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಕಾಗದದ ಮೇಲೆ ಚೆಂದ ಬಂತು. ಆದ್ದರಿಂದಲೇ ಯಾರೂ ತಕರಾರು ತೆಗೆಯಲಿಲ್ಲ. ಹುಡುಕಬೇಕಾದಾಗ, ಅಕಾರಾದಿಯಾಗಿ ಜೋಡಿಸಬೇಕಾದಾಗ, ಇ-ಮೇಲಿನಲ್ಲಿ ಕಳುಹಿಸಬೇಕಾದಾಗ ಬಣ್ಣ ಬಯಲಾಯಿತು. ಅಂಧ ಓದುಗರ ಪಾಡು ಇನ್ನೂ ಕಷ್ಟ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ, ಕನ್ನಡದಲ್ಲೂ ಓದುತ್ತವೆ. ಅಂಥದ್ದರ ಮುಂದೆ ಹಳೆಯ ಫಾಂಟಿನ ಕಡತವಿಟ್ಟರೆ ಅದು 'ಕನ್ನಡ' ಎನ್ನುವುದಿಲ್ಲ. 'ಪಿ, ಎ, ಪೌಂಡ್' ಎಂದು ತಡವರಿಸುತ್ತದೆ. ಇಂಥ ಪಿಡಿಎಫ್‌ಗಳು ಈಗಲೂ ಎಲ್ಲೆಡೆ ಸಿಗುತ್ತವೆ. ಕಣ್ಣಿದ್ದವರಿಗೆ ಅದು ಪತ್ತೆಯೂ ಆಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನುಡಿಯ ತಂತ್ರವೂ ಅದೇ ಹಳೆಯ ತಂತ್ರ. ಆದರೆ ಕನ್ನಡ ಗಣಕ ಪರಿಷತ್ತು ಅದನ್ನು ರೂಪಿಸಿದ್ದು ರಾಜ್ಯ ಸರ್ಕಾರ ಒಪ್ಪಿದ ಶಿಷ್ಟ ಸಂಕೇತಗಳ ಮೇಲೆ. ಯಾವ ತುಂಡು ಯಾವ ಮನೆಯಲ್ಲಿದೆ ಎಂಬುದು ಗುಟ್ಟಾಗಿರಲಿಲ್ಲ. ಹಾಗಾಗಿ ಯೂನಿಕೋಡ್ ಬಂದ ಮೇಲೆ ಅನೇಕರು ಅದಕ್ಕೆ ಪರಿವರ್ತಕ ತಂತ್ರಾಂಶ ಬರೆದರು. ನುಡಿಯಲ್ಲಿ ಬರೆದಿಟ್ಟ ಕಡತವನ್ನು ಇಂದು ಕೆಲವೇ ಕ್ಷಣಗಳಲ್ಲಿ ಯೂನಿಕೋಡಿಗೆ ತರಬಹುದು. ಅಲ್ಲೊಂದು ಇಲ್ಲೊಂದು ಒತ್ತಕ್ಷರ ಕೆಡುತ್ತದೆ, ಅಷ್ಟೆ. ದೊಡ್ಡಪ್ಪನ ಕಡತ ಅದೇ ಕಾಲದ ಅದೇ ತಂತ್ರದ್ದು. ಪಟ್ಟಿ ಬಹಿರಂಗವಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಮುಚ್ಚಿಹೋಯಿತು. ತಂತ್ರಜ್ಞಾನ ಹಳೆಯದೋ ಹೊಸದೋ ಎಂಬುದಕ್ಕಿಂತ ಅದರ ವಿವರ ಯಾರ ಬಳಿ ಇದೆ ಎಂಬುದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೀಲಿಮಣೆಯ ಕಥೆಯೂ ಹೀಗೆಯೇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ತಮ್ಮದೆಂದು ಬಚ್ಚಿಟ್ಟುಕೊಂಡಿದ್ದರೆ, ಒಂದು ತಂತ್ರಾಂಶದಲ್ಲಿ ಟೈಪು ಕಲಿತವರು ಇನ್ನೊಂದಕ್ಕೆ ಹೋಗಲು ಬೆರಳುಗಳನ್ನು ಮತ್ತೆ ಪಳಗಿಸಬೇಕಾಗಿತ್ತು. ಅವರು ಬಿಟ್ಟುಕೊಟ್ಟರು. ಸರ್ಕಾರ ಅದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು. ಇಂದು ಯಾವ ಗಣಕದ ಮುಂದೆ ಕುಳಿತರೂ ಅದೇ ಬೆರಳು, ಅದೇ ಕೀಲಿ.

ಉಚಿತ ಬೇರೆ, ಮುಕ್ತ ಬೇರೆ

ಮುಕ್ತ ಶಿಷ್ಟತೆ ಎಂದರೆ ದುಡ್ಡಿಲ್ಲದೆ ಸಿಗುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಉಚಿತವಾಗಿ ಸಿಗುವ ಎಷ್ಟೋ ಸೇವೆಗಳು ಪೂರ್ತಿ ಮುಚ್ಚಿದವು. ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ವಸ್ತುಗಳು ಮುಕ್ತ ಶಿಷ್ಟತೆಯವು. ನಿಮ್ಮ ಮನೆಯ ಬಲ್ಬು ಮತ್ತು ಅದರ ಹೋಲ್ಡರನ್ನೇ ನೋಡಿ. ಬಲ್ಬಿಗೆ ಬೆಲೆಯಿದೆ, ಆದರೆ ಯಾವ ಕಂಪನಿಯ ಬಲ್ಬಾದರೂ ಕೂರುತ್ತದೆ. 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕಾಗಿ ಮುಕ್ತ ಶಿಷ್ಟತೆಗಳ ನೀತಿಯೊಂದನ್ನು ಪ್ರಕಟಿಸಿತು. ಅದರ ಲಕ್ಷಣಗಳು ನೆನಪಿಡುವಂಥವು. ಶಿಷ್ಟತೆಯ ವಿವರ ಉಚಿತವಾಗಿ ಅಥವಾ ನಾಮಮಾತ್ರ ಬೆಲೆಗೆ ಸಿಗಬೇಕು. ಅದರಲ್ಲಿ ಪೇಟೆಂಟುಗಳಿದ್ದರೆ ಅವುಗಳಿಗೆ ಗೌರವಧನ ಕೇಳಬಾರದು. ಲಾಭಕ್ಕಲ್ಲದ ಸಂಸ್ಥೆಯೊಂದು ಎಲ್ಲರೂ ಭಾಗವಹಿಸಬಹುದಾದ ರೀತಿಯಲ್ಲಿ ಅದನ್ನು ನಡೆಸಿಕೊಂಡು ಹೋಗಬೇಕು. ನೀತಿ ಒಳ್ಳೆಯದು. ಅದೇ ನೀತಿಯ ಕಾಲದಲ್ಲೂ ಕಚೇರಿಗಳಿಂದ ಹಳೆಯ ಫಾಂಟಿನ ಕಡತಗಳು ಬರುತ್ತಲೇ ಇದ್ದವು ಎಂಬುದನ್ನು ನೀವೂ ಕಂಡಿರುತ್ತೀರಿ.

ಯೂನಿಕೋಡ್ ಈ ಲಕ್ಷಣಗಳಿಗೆ ಹೊಂದುತ್ತದೆ. ಅದರಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಬೀದಿಯಿದೆ, 3200ರಿಂದ 3327ರವರೆಗೆ 128 ಮನೆಗಳು. 'ಕನ್ನಡ' ಎಂದರೆ 3221, 3240, 3277, 3240, 3233. ಇಲ್ಲಿ 3277 ಅರ್ಧಾಕ್ಷರ ಮಾಡುವ ಚಿಹ್ನೆ. ಯಾವ ಫಾಂಟು ಹಾಕಿದರೂ, ಯಾವ ಕಂಪನಿಯ ಯಂತ್ರದಲ್ಲಿ ತೆರೆದರೂ ಇವೇ ಸಂಖ್ಯೆಗಳು. ಭಾರತೀಯ ಲಿಪಿಗಳ ಜೋಡಣೆಗೆ ನಮ್ಮದೇ ಇಸ್ಕಿ ಸಂಕೇತ ಆಧಾರವಾದ್ದರಿಂದ ಒಂದು ಲಾಭವೂ ಸಿಕ್ಕಿತು. ಕನ್ನಡದ 'ಕ'ದಿಂದ 128 ಕಳೆದರೆ ತೆಲುಗಿನ 'ಕ' ಬರುತ್ತದೆ.

ಹಾಗೆಂದು ಯೂನಿಕೋಡಿನಲ್ಲಿ ಹುಳುಕಿಲ್ಲವೆಂದಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ 3294ನೆಯ ಮನೆ ಕೊಟ್ಟರು, ಹೆಸರು ಮಾತ್ರ 'ಕನ್ನಡ ಅಕ್ಷರ ಫ' ಎಂದು ಬರೆದರು! ಪಂಪ ರನ್ನರ ಕಾಲದ ಅಕ್ಷರಕ್ಕೆ ಇಂಗ್ಲಿಷ್ 'ಎಫ್' ಉಚ್ಚಾರ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಆ ತಪ್ಪು ಇಂದಿಗೂ ಹಾಗೆಯೇ ಇದೆ. ತಪ್ಪೆಂದು ಒಪ್ಪಿಕೊಂಡು ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಹಿಂದೆ ಹೋಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಅದನ್ನು ಮರೆತವರ ಬರಹದಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ಅವಗ್ರಹ ಚಿಹ್ನೆ ಕನ್ನಡದ ಬೀದಿಗೆ ಸೇರಿದ್ದು 2003ರಲ್ಲಿ. ನಿಧಾನ ನಿಜ. ಆದರೆ ಈ ಎಲ್ಲ ತಪ್ಪುಗಳ ಪಟ್ಟಿ, ಅರ್ಜಿಗಳು, ವಾದ-ವಿವಾದಗಳು ಯಾರು ಬೇಕಾದರೂ ಓದುವಂತೆ ಬಹಿರಂಗವಾಗಿವೆ. ಮುಚ್ಚಿದ ಸಂಕೇತದಲ್ಲಿ ಎಷ್ಟು ತಪ್ಪಿತ್ತೆಂದು ನಮಗೆ ತಿಳಿಯುವುದೇ ಇಲ್ಲ.

ಯೂನಿಕೋಡಿಗೆ ಬರಲು ಪ್ರಕಾಶಕರು ತಡ ಮಾಡಿದರೆಂದು ದೂರುವವರಿದ್ದಾರೆ. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಂದಿಗೆ ಕನ್ನಡ ಯೂನಿಕೋಡ್ ಫಾಂಟು ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಎಲ್ಲ ಸರಿ. ಆದರೆ ನಮ್ಮ ಡಿಟಿಪಿ ಅಂಗಡಿಗಳ ಅನ್ನದ ತಟ್ಟೆಯಾಗಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತೇ ಇರಲಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ. ಶಿಷ್ಟತೆ ಇದ್ದರೆ ಸಾಲದು, ದಿನದ ಕೆಲಸದ ಸಲಕರಣೆ ಅದನ್ನು ಒಪ್ಪಬೇಕು. ಆ ಸಲಕರಣೆ ಒಂದೇ ಕಂಪನಿಯ ಕೈಯಲ್ಲಿದ್ದರೆ ಒಪ್ಪುವ ದಿನವನ್ನೂ ಆ ಕಂಪನಿಯೇ ನಿರ್ಧರಿಸುತ್ತದೆ.

ತಂತಿಯ ತುದಿ

ಅಕ್ಷರದ ಮಾತು ಸಾಕು, ಈಗ ಕೈಗೆ ಸಿಗುವ ವಸ್ತುವಿಗೆ ಬರೋಣ. ನಿಮ್ಮ ಮನೆಯ ಮೇಜಿನ ಡ್ರಾಯರ್ ಎಳೆದು ನೋಡಿ. ದಪ್ಪ ಪಿನ್ನು, ಸಣ್ಣ ಪಿನ್ನು, ಚಪ್ಪಟೆ ಪಿನ್ನು, ಯಾವ ಫೋನಿನದೆಂದು ಮರೆತುಹೋದ ಚಾರ್ಜರುಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ವಿದ್ಯುತ್ತು ಎಲ್ಲಕ್ಕೂ ಒಂದೇ, ಐದು ವೋಲ್ಟಿನ ಆಸುಪಾಸು. ತುದಿ ಮಾತ್ರ ಬೇರೆ.

ಯೂರೋಪಿನಲ್ಲಿ 2009ರಲ್ಲಿ ಪ್ರಮುಖ ತಯಾರಕರು ಮೈಕ್ರೋ-ಯುಎಸ್‌ಬಿ ಬಳಸುವುದಾಗಿ ಸ್ವಯಂಪ್ರೇರಿತ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಒಪ್ಪಂದದಲ್ಲಿ ಕಿಂಡಿಯೊಂದಿತ್ತು. ಫೋನಿನ ತುದಿ ಬೇರೆಯಿದ್ದರೂ ನಡುವೆ ಅಡಾಪ್ಟರ್ ಮಾರಿದರೆ ಸಾಕಿತ್ತು. ಆಪಲ್ ಕಂಪನಿ ಅದರಲ್ಲೇ ನುಸುಳಿತು. 2012ರಲ್ಲಿ ಲೈಟ್ನಿಂಗ್ ಎಂಬ ತನ್ನದೇ ತುದಿಯನ್ನು ತಂದು, ಅದಕ್ಕೆ ಹೊಂದುವ ಉಪಕರಣ ಮಾಡುವವರು ತನ್ನ ಪರವಾನಗಿ ಪಡೆಯಬೇಕೆಂದಿತು. ಕೊನೆಗೆ 2022ರಲ್ಲಿ ಯೂರೋಪಿಯನ್ ಒಕ್ಕೂಟ ಕಾನೂನೇ ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಯುಎಸ್‌ಬಿ ಟೈಪ್-ಸಿ ಕಡ್ಡಾಯ. ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರ ಗಡುವು. ಗಡುವಿಗೆ ಮೊದಲೇ, 2023ರ ಐಫೋನ್ 15ರಲ್ಲಿ ಆಪಲ್ ತನ್ನ ತುದಿಯನ್ನು ಕೈಬಿಟ್ಟಿತು. ತಂತ್ರಜ್ಞಾನದ ಅಡ್ಡಿ ಏನೂ ಇರಲಿಲ್ಲವೆಂಬುದು ಅಲ್ಲಿಗೆ ಸಾಬೀತಾಯಿತು.

ಇಷ್ಟಕ್ಕೇ ಖುಷಿಪಟ್ಟು ಸುಮ್ಮನಾಗಬೇಡಿ. ಟೈಪ್-ಸಿ ಎಂಬುದು ತುದಿಯ ಆಕಾರ ಮಾತ್ರ. ನೋಡಲು ಒಂದೇ ತರಹದ ಎರಡು ಕೇಬಲ್ಲುಗಳಲ್ಲಿ ಒಂದು 60 ವ್ಯಾಟ್, ಇನ್ನೊಂದು 240 ವ್ಯಾಟ್ ಸಾಗಿಸಬಹುದು. ಒಂದು ಮಾಹಿತಿಯನ್ನು ಸೆಕೆಂಡಿಗೆ 480 ಮೆಗಾಬಿಟ್ ವೇಗದಲ್ಲಿ, ಇನ್ನೊಂದು ಅದರ ಎಂಬತ್ತು ಪಟ್ಟು ವೇಗದಲ್ಲಿ ಸಾಗಿಸಬಹುದು. ಅಂಗಡಿಯಲ್ಲಿ ಕೇಳಿದರೆ ಎರಡೂ 'ಸಿ ಕೇಬಲ್'. ಅದಲ್ಲದೆ ಹಲವು ಫೋನು ತಯಾರಕರು ವೇಗದ ಚಾರ್ಜಿಂಗಿಗೆ ತಮ್ಮದೇ ಗುಟ್ಟಿನ ವಿಧಾನ ಇಟ್ಟುಕೊಂಡಿದ್ದಾರೆ. ಅವರ ಚಾರ್ಜರ್, ಅವರ ಕೇಬಲ್ ಇದ್ದರೆ ಮಾತ್ರ ಆ ವೇಗ, ಬೇರೆಯದು ಹಾಕಿದರೆ ಎತ್ತಿನ ಗಾಡಿ. ಬಾಗಿಲು ಮುಕ್ತ, ಒಳಕೋಣೆಗೆ ಬೀಗ.

ಕಾಗದದ ಮೇಲಿನ ಶಿಷ್ಟತೆ ಎಷ್ಟು ನಿಷ್ಫಲವಾಗಬಹುದೆಂಬುದಕ್ಕೆ ನಮ್ಮ ಡಿಟಿಎಚ್ ಪೆಟ್ಟಿಗೆಯೇ ಸಾಕ್ಷಿ. ಪೆಟ್ಟಿಗೆಗಳು ಬೇರೆ ಬೇರೆ ಕಂಪನಿಗಳ ಸೇವೆಗೂ ಹೊಂದಬೇಕೆಂದು ಪರವಾನಗಿಯ ಷರತ್ತಿನಲ್ಲೇ ಇದೆ. ಆದರೂ ಕಂಪನಿ ಬದಲಿಸಿದವರೆಲ್ಲ ಪೆಟ್ಟಿಗೆಯನ್ನೂ ಬದಲಿಸುತ್ತಲೇ ಬಂದರು. ಹೆಚ್ಚುವರಿ ಬಿಡಿಭಾಗವೊಂದನ್ನು ಸಿಕ್ಕಿಸಿದರೆ ಹೊಂದುತ್ತದೆ ಎಂಬುದು ಕಂಪನಿಗಳ ಉತ್ತರ. ಆ ಬಿಡಿಭಾಗ ಕೊಳ್ಳುವುದಕ್ಕಿಂತ ಹೊಸ ಪೆಟ್ಟಿಗೆಯೇ ಲೇಸು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮತ್ತೊಮ್ಮೆ ಇದೇ ಶಿಫಾರಸನ್ನು ಮಾಡಬೇಕಾಯಿತು.

ಮುಚ್ಚಿದ ವ್ಯವಸ್ಥೆಗಳ ಪರವಾಗಿ ಹೇಳುವುದೂ ಇದೆ, ಹೇಳದಿದ್ದರೆ ಅನ್ಯಾಯ. ಒಂದೇ ಕಂಪನಿ ಯಂತ್ರಾಂಶ, ತಂತ್ರಾಂಶ ಎರಡನ್ನೂ ಮಾಡಿದಾಗ ಅವು ಸಲೀಸಾಗಿ ಹೊಂದಿಕೊಳ್ಳುತ್ತವೆ. ಹಾಳಾದರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ. ಹೊಸದನ್ನು ತರಲು ಸಮಿತಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಮೈಕ್ರೋ-ಯುಎಸ್‌ಬಿಯನ್ನು ಕತ್ತಲಲ್ಲಿ ತಿರುಗಮುರುಗ ಮಾಡಿ ತುರುಕಿದವರಿಗೆ ಲೈಟ್ನಿಂಗ್ ಎಷ್ಟು ಹಿತವಾಗಿತ್ತೆಂದು ಗೊತ್ತು. ಅದು ಎರಡೂ ಕಡೆಯಿಂದ ಕೂರುತ್ತಿತ್ತು, ಟೈಪ್-ಸಿ ಆಗಿನ್ನೂ ಬಂದಿರಲಿಲ್ಲ. ಮೊದಲು ಯಾರೋ ಒಬ್ಬರು ಮುಚ್ಚಿದ ಕೋಣೆಯಲ್ಲಿ ಹೊಸದನ್ನು ಮಾಡಲಿ, ನನ್ನ ಆಕ್ಷೇಪವಿಲ್ಲ. ಮಾಡಿದ ಮೇಲೆ ಏನು ಮಾಡುತ್ತಾರೆಂಬುದು ಪ್ರಶ್ನೆ.

ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಕ್ಯೂಆರ್ ಕೋಡನ್ನು ಹುಟ್ಟುಹಾಕಿದ್ದು ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲು. ಪೇಟೆಂಟ್ ಅವರ ಬಳಿಯೇ ಇತ್ತು. ಶಿಷ್ಟ ರೂಪದಲ್ಲಿ ಬಳಸುವವರ ಮೇಲೆ ಹಕ್ಕು ಚಲಾಯಿಸುವುದಿಲ್ಲವೆಂದು ಹೇಳಿ, ವಿವರಗಳನ್ನು ಪ್ರಕಟಿಸಿದರು. 2000ದಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಇಂದು ಎಳನೀರಿನ ಗಾಡಿಯ ಮೇಲೂ ಆ ಚೌಕವಿದೆ. ಅದನ್ನು ಯಾವ ಬ್ಯಾಂಕಿನ, ಯಾವ ಆ್ಯಪಿನವರಾದರೂ ಓದಿ ಹಣ ಕಳಿಸಬಹುದು. ಈ ಎರಡನೆಯ ಅನುಕೂಲ 2016ರಲ್ಲಿ ಬಂದ ಯುಪಿಐಯದು. ಅದಕ್ಕೆ ಮುಂಚಿನ ವ್ಯಾಲೆಟ್ಟುಗಳಲ್ಲಿ ಒಂದು ಕಂಪನಿಯ ವ್ಯಾಲೆಟ್ಟಿನಿಂದ ಇನ್ನೊಂದಕ್ಕೆ ಹಣ ದಾಟುತ್ತಿರಲಿಲ್ಲ. ಯುಪಿಐಯನ್ನು ಪೂರ್ಣ ಮುಕ್ತ ಶಿಷ್ಟತೆ ಎನ್ನಲು ನಾನು ಹಿಂಜರಿಯುತ್ತೇನೆ. ಅದರ ನಿಯಮ ಬರೆಯುವುದೂ ನಡೆಸುವುದೂ ಒಂದೇ ನಿಗಮ. ಆದರೂ ಗ್ರಾಹಕನ ಕಣ್ಣಿನಿಂದ ನೋಡಿದರೆ ಮುಖ್ಯವಾದದ್ದು ಸಿಕ್ಕಿದೆ. ಒಂದು ಆ್ಯಪ್ ಬೇಸರವಾದರೆ ಸಂಜೆಯೊಳಗೆ ಇನ್ನೊಂದಕ್ಕೆ ಹೋಗಬಹುದು, ಎಳನೀರಿನವನಿಗೆ ಅದು ತಿಳಿಯುವುದೂ ಇಲ್ಲ.

ಈಗ ಇದೇ ಪ್ರಶ್ನೆ ವಿದ್ಯುತ್ ಸ್ಕೂಟರುಗಳಲ್ಲಿ ಎದ್ದಿದೆ. ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಗಾಡಿ ಯಾವ ಕಂಪನಿಯದೆಂದು ಯಾರೂ ಕೇಳುವುದಿಲ್ಲ. ವೇಗದ ಚಾರ್ಜಿಂಗ್ ಕೇಂದ್ರದಲ್ಲಿ ಕೇಳುತ್ತಾರೆ, ತುದಿಗಳು ಬೇರೆ ಬೇರೆ. ಬೆಂಗಳೂರಿನ ಏಥರ್ ಕಂಪನಿ 2021ರಲ್ಲಿ ತನ್ನ ಕನೆಕ್ಟರಿನ ವಿನ್ಯಾಸವನ್ನು ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. ಅದರ ಆಧಾರದ ಮೇಲೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಲಘು ವಿದ್ಯುತ್ ವಾಹನಗಳಿಗೆ ಐಎಸ್ 17017 ಸರಣಿಯಲ್ಲಿ ಒಂದು ಮಾನಕವನ್ನು ಅಂಗೀಕರಿಸಿತು. ಎಲ್ಲ ತಯಾರಕರೂ ಅದಕ್ಕೆ ಬಂದಿಲ್ಲ. ಬರುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೊಳ್ಳುವವರು ಅಂಗಡಿಯಲ್ಲಿ ಏನು ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಮೈಲೇಜು, ಬಣ್ಣ, ಕಂತು ವಿಚಾರಿಸಿದ ಮೇಲೆ, "ಇದನ್ನು ಬೇರೆ ಕಂಪನಿಯ ಕೇಂದ್ರದಲ್ಲಿ ಚಾರ್ಜ್ ಮಾಡಬಹುದೇ?" ಎಂದೊಂದು ಮಾತು ಕೇಳಿ. ಪ್ರಿಂಟರ್ ಕೊಳ್ಳುವಾಗ ಬೇರೆಯವರ ಶಾಯಿ ಹಿಡಿಸುತ್ತದೆಯೇ ಎಂದು ಕೇಳಿ. ಅಗ್ಗದ ಪ್ರಿಂಟರಿನ ನಿಜವಾದ ಬೆಲೆ ಅದರ ಶಾಯಿಯಲ್ಲಿರುತ್ತದೆ. ಫೋಟೋ, ಲೆಕ್ಕಪತ್ರ ಇಡುವ ಸೇವೆಯಾದರೆ ಎಲ್ಲವನ್ನೂ ಒಟ್ಟಿಗೆ ಹೊರತೆಗೆದು ಬೇರೆಡೆಗೆ ಒಯ್ಯಲು ಬರುತ್ತದೆಯೇ ಎಂದು, ಸೇರುವ ಮುಂಚೆಯೇ ಒಮ್ಮೆ ಮಾಡಿ ನೋಡಿ. ಮಾರುವವನಿಗೆ ಉತ್ತರ ಗೊತ್ತಿಲ್ಲದಿದ್ದರೂ ನಾಲ್ಕು ಜನ ಕೇಳಿದರೆ ಆ ಪ್ರಶ್ನೆ ಮೇಲಿನವರಿಗೆ ಮುಟ್ಟುತ್ತದೆ.

ದೊಡ್ಡಪ್ಪನ ಕಡತಕ್ಕೆ ದಾರಿ ಸಿಗಲಿಲ್ಲ. ತುಂಡುಗಳ ಪಟ್ಟಿಯನ್ನು ನಾವೇ ಊಹಿಸಿ ಕಟ್ಟಲು ಎರಡು ತಿಂಗಳು ಹೆಣಗಿದೆವು. ಸ್ವರಚಿಹ್ನೆಗಳವರೆಗೆ ಬಂದು, ಒತ್ತಕ್ಷರಗಳಲ್ಲಿ ಸೋತೆವು. ಆ ಫ್ಲಾಪಿಗಳಿಗಿಂತ ಮುಂಚಿನ ನೋಟುಬುಕ್ಕುಗಳು ಮಾತ್ರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕವು. ಅಂಚನ್ನು ಗೆದ್ದಲು ತಿಂದಿದ್ದರೂ ಅಕ್ಷರ ಸ್ಪಷ್ಟವಾಗಿದೆ. ಅವರ ಮೊಮ್ಮಗಳು ಬಿಡುವಾದಾಗ ಒಂದೊಂದೇ ಪುಟವನ್ನು ಯೂನಿಕೋಡಿನಲ್ಲಿ ಟೈಪು ಮಾಡುತ್ತಿದ್ದಾಳೆ. ಈಗ 'ಮ' ಅಕ್ಷರಕ್ಕೆ ಬಂದಿದ್ದಾಳೆ.